ಯಂತ್ರ ಹಠಾತ್ತನೆ ನಿಲ್ಲದಿರಲು ಮೆಂಟೆನೆನ್ಸ್ ಸಾಫ್ಟ್‌ವೇರ್ ಬಳಸುವ ಬಗೆ

ಸಾಫ್ಟ್‌ವೇರ್ ಬಂದ ಮೇಲೂ ಬ್ರೇಕ್‌ಡೌನ್ ಇಳಿಯದ ಕಾರ್ಖಾನೆಗಳು ಬೇಕಾದಷ್ಟಿವೆ. ಹಳೆಯ ಲಾಗ್‌ಬುಕ್ ಕಂಪ್ಯೂಟರಿಗೆ ಬಂದಿರುತ್ತದೆ, ಅಷ್ಟೇ. ಮೊದಲ ವಾರವೇ ಇರುವ ಯಂತ್ರಗಳನ್ನೆಲ್ಲ ತುಂಬಿಸಲು ಹೊರಟರೆ ಸಾಮಾನ್ಯವಾಗಿ ಹೀಗಾಗುತ್ತದೆ. ನಿಂತರೆ ಇಡೀ ಲೈನ್ ನಿಲ್ಲಿಸುವ, ಸ್ಟ್ಯಾಂಡ್‌ಬೈ ಇಲ್ಲದ, ಸ್ಪೇರ್ ಬರಲು ವಾರಗಟ್ಟಲೆ ಹಿಡಿಯುವ ಹತ್ತು ಹದಿನೈದು ಯಂತ್ರಗಳನ್ನು ಆರಿಸಿ ಅಲ್ಲಿಂದ ಶುರು ಮಾಡಿ. ಕೆಟ್ಟರೆ ಅರ್ಧ ಗಂಟೆಯಲ್ಲಿ ಬದಲಿಸಬಹುದಾದ ಸಣ್ಣ ಫ್ಯಾನಿಗೆ ಪಿಎಂ (ಪ್ರಿವೆಂಟಿವ್ ಮೆಂಟೆನೆನ್ಸ್, ಅಂದರೆ ಕೆಡುವ ಮೊದಲೇ ಮಾಡುವ ನಿರ್ವಹಣೆ) ವೇಳಾಪಟ್ಟಿ ಬೇಕಿಲ್ಲ.

ನೋಂದಣಿ ಮಾಡುವಾಗ ಜಾಗಕ್ಕೆ ಒಂದು ನಂಬರ್, ಆ ಜಾಗದಲ್ಲಿ ಕೂತ ಮೋಟಾರಿಗೆ ಇನ್ನೊಂದು ನಂಬರ್ ಕೊಡಿ. ಮೋಟಾರ್ ರಿವೈಂಡಿಂಗ್‌ಗೆ ಹೋಗಿ ಬೇರೆ ಪಂಪಿಗೆ ಸೇರಿದರೆ ಅದರ ಚರಿತ್ರೆಯೂ ಜೊತೆಗೆ ಹೋಗಬೇಕು. ಎರಡಕ್ಕೂ ಒಂದೇ ನಂಬರ್ ಇದ್ದರೆ, ಪದೇಪದೇ ಬೇರಿಂಗ್ ಹೋಗುವುದು ಮೋಟಾರಿನ ದೋಷವೋ, ಬೇಸ್ ಸಡಿಲವಾಗಿ ಅಲೈನ್‌ಮೆಂಟ್ ತಪ್ಪಿದ ಜಾಗದ ದೋಷವೋ ಕೊನೆಗೂ ತಿಳಿಯುವುದಿಲ್ಲ.

ಪಿಎಂ ಅವಧಿಗೆ ಕ್ಯಾಲೆಂಡರಿಗಿಂತ ಓಡಿದ ಗಂಟೆಯೇ ಮೇಲು. ಕೈಪಿಡಿಯಲ್ಲಿ ಫಿಲ್ಟರ್ ಬದಲಾವಣೆ 2,000 ಗಂಟೆಗೆ ಎಂದಿದ್ದರೆ, ದಿನಕ್ಕೆ 8 ಗಂಟೆ ಓಡುವ ಕಂಪ್ರೆಸರಿಗೆ ಅದು 250 ದಿನ. ಮೂರೂ ಶಿಫ್ಟ್ ಓಡುವುದಕ್ಕೆ 83 ದಿನ. ಎರಡಕ್ಕೂ ‘ಆರು ತಿಂಗಳಿಗೊಮ್ಮೆ’ ಎಂದು ಹಾಕಿದರೆ ಒಂದರಲ್ಲಿ ಫಿಲ್ಟರ್ ದಂಡ, ಇನ್ನೊಂದರಲ್ಲಿ ಕಂಪ್ರೆಸರೇ ದಂಡ. ನಿಂತಲ್ಲೇ ಹಳತಾಗುವ ಆಯಿಲ್, ರಬ್ಬರ್ ಸೀಲ್‌ಗಳಿಗೆ ಮಾತ್ರ ‘ಇಷ್ಟು ಗಂಟೆ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಎಂಬ ಆಯ್ಕೆ ಹಾಕಿ. ಮುಂದಿನ ಪಿಎಂ ಲೆಕ್ಕ ಕೆಲಸ ಮುಗಿದ ದಿನದಿಂದ ಶುರುವಾಗುವಂತೆ ಸೆಟ್ಟಿಂಗ್ ಇರಲಿ. ನಿಗದಿತ ದಿನಾಂಕದಿಂದ ಎಣಿಸಿದರೆ, ತಡವಾದ ಒಂದು ಪಿಎಂ ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುತ್ತದೆ.

ಚೆಕ್‌ಲಿಸ್ಟಿನಲ್ಲಿ ‘ಬೇರಿಂಗಿಗೆ ಗ್ರೀಸ್ ಹಾಕಿ’ ಎಂದು ಬರೆದರೆ ಒಬ್ಬ ಎರಡು ಸಲ ಪಂಪ್ ಒತ್ತುತ್ತಾನೆ, ಇನ್ನೊಬ್ಬ ಹೊರಗೆ ಬರುವತನಕ ತುಂಬುತ್ತಾನೆ. ಹೆಚ್ಚಾದ ಗ್ರೀಸ್ ಒಳಗೇ ಕಡೆದುಕೊಂಡು ಬಿಸಿಯಾಗಿ ಬೇರಿಂಗನ್ನೇ ಕೆಡಿಸುತ್ತದೆ. ಹೊರವ್ಯಾಸ ಮತ್ತು ಅಗಲವನ್ನು ಮಿಲಿಮೀಟರಿನಲ್ಲಿ ಗುಣಿಸಿ, 0.005ರಿಂದ ಮತ್ತೆ ಗುಣಿಸಿದರೆ ಮರುಗ್ರೀಸಿನ ಪ್ರಮಾಣ ಗ್ರಾಮಿನಲ್ಲಿ ಸಿಗುತ್ತದೆ. 6310 ಬೇರಿಂಗಿಗೆ 110 × 27 × 0.005, ಅಂದರೆ ಸುಮಾರು 15 ಗ್ರಾಂ. ಗ್ರೀಸ್ ಗನ್ನಿನ ಹತ್ತು ಒತ್ತುಗಳನ್ನು ಒಮ್ಮೆ ತೂಗಿಟ್ಟುಕೊಂಡರೆ ಒಂದು ಒತ್ತಿಗೆ ಎಷ್ಟೆಂದು ಗೊತ್ತಾಗುತ್ತದೆ. ಚೆಕ್‌ಲಿಸ್ಟಿನಲ್ಲಿ ಎಷ್ಟು ಒತ್ತು ಎಂದೇ ಬರೆಯಿರಿ.

ನಿಜವಾದ ಲಾಭ ಇರುವುದು ವರ್ಕ್ ಆರ್ಡರ್ (ಸಾಫ್ಟ್‌ವೇರಿನಲ್ಲಿ ಒಂದು ರಿಪೇರಿ ಕೆಲಸದ ದಾಖಲೆ) ಮುಚ್ಚುವ ಕ್ಷಣದಲ್ಲಿ, ಅಲ್ಲೇ ಹೆಚ್ಚಿನವರು ಅವಸರ ಮಾಡುತ್ತಾರೆ. ‘ಮೋಟಾರ್ ಸರಿಮಾಡಿದೆ’ ಎಂಬ ಬರಹದಿಂದ ಏನೂ ಸಿಗದು. ಯಾವ ಭಾಗ ಕೆಟ್ಟಿತು, ಹೇಗೆ ಕೆಟ್ಟಿತು, ಏಕೆ ಎಂಬ ಮೂರನ್ನು ಪಟ್ಟಿಯಿಂದ ಆರಿಸುವಂತೆ ಮಾಡಿ. ಪ್ರತಿ ಪಟ್ಟಿಯಲ್ಲಿ ಎಂಟು ಹತ್ತು ಆಯ್ಕೆ ಸಾಕು; ಐವತ್ತು ಇಟ್ಟರೆ ಎಲ್ಲರೂ ‘ಇತರೆ’ ಒತ್ತುತ್ತಾರೆ. ಯಂತ್ರ ನಿಂತದ್ದು, ಫಿಟ್ಟರ್ ಬಂದದ್ದು, ಸ್ಪೇರ್ ಕೈಗೆ ಸಿಕ್ಕಿದ್ದು, ಮತ್ತೆ ಓಡಿದ್ದು, ಈ ನಾಲ್ಕೂ ಸಮಯ ಬರೆಸಿ. ಐದು ಗಂಟೆಯ ಡೌನ್‌ಟೈಮಿನಲ್ಲಿ ಮೂರೂವರೆ ಗಂಟೆ ಸ್ಪೇರ್ ಹುಡುಕಿದ್ದಾದರೆ, ಫಿಟ್ಟರಿಗೆ ತರಬೇತಿ ಕೊಟ್ಟು ಪ್ರಯೋಜನವಿಲ್ಲ, ಸ್ಟೋರ್ಸ್ ಸರಿಹೋಗಬೇಕು. ತಿಂಗಳಿಗೆ 2 ಬೇರಿಂಗ್ ಬೇಕು, ಬರಲು 45 ದಿನ ಎಂದರೆ ಅಷ್ಟರಲ್ಲಿ 3 ಖರ್ಚಾಗುತ್ತದೆ. ಆಪತ್ತಿಗೆ 2 ಸೇರಿಸಿ, ದಾಸ್ತಾನು 5ಕ್ಕೆ ಇಳಿದಾಗ ಇಂಡೆಂಟ್ (ಖರೀದಿ ಬೇಡಿಕೆ) ಏಳುವಂತೆ ಮಾಡಿ.

ವಾರಕ್ಕೊಮ್ಮೆ ಯಂತ್ರಗಳ ಪಟ್ಟಿಯನ್ನು ಎಷ್ಟು ಸಲ ನಿಂತಿತು ಎಂಬುದರಿಂದಲ್ಲ, ಒಟ್ಟು ಎಷ್ಟು ಗಂಟೆ ನಿಂತಿತು ಎಂಬುದರಿಂದ ಜೋಡಿಸಿ. 600 ಗಂಟೆ ಓಡಿ 4 ಸಲ ಕೆಟ್ಟರೆ ಎಂಟಿಬಿಎಫ್ (ಎರಡು ಬ್ರೇಕ್‌ಡೌನ್‌ಗಳ ನಡುವಿನ ಸರಾಸರಿ ಓಟ) 150 ಗಂಟೆ. ರಿಪೇರಿಗೆ ಒಟ್ಟು 20 ಗಂಟೆಯಾದರೆ ಎಂಟಿಟಿಆರ್ (ಒಂದು ರಿಪೇರಿಗೆ ಹಿಡಿಯುವ ಸರಾಸರಿ ಸಮಯ) 5 ಗಂಟೆ. ಸತತ ಐದಾರು ಪಿಎಂಗಳಲ್ಲಿ ಏನೂ ದೋಷ ಸಿಗದಿದ್ದರೆ, ಸುರಕ್ಷತೆಗೂ ಕಾನೂನಿಗೂ ಸಂಬಂಧಿಸದ ಕೆಲಸವಾಗಿದ್ದರೆ, ಅವಧಿ ಹೆಚ್ಚಿಸಿ. ಚೆನ್ನಾಗಿ ಓಡುವ ಯಂತ್ರವನ್ನು ಬಿಚ್ಚಿ ಜೋಡಿಸುವುದರಿಂದಲೇ ಹುಟ್ಟುವ ದೋಷಗಳಿವೆ. ವಿಮಾನದ ಭಾಗಗಳ ಬಗ್ಗೆ 1978ರಲ್ಲಿ ನೌಲನ್ ಮತ್ತು ಹೀಪ್ ಕೊಟ್ಟ ವರದಿಯಲ್ಲಿ, ವಯಸ್ಸಾದಂತೆ ಕೆಡುವ ಸಾಧ್ಯತೆ ಹೆಚ್ಚುವ ಭಾಗಗಳು ಕೇವಲ ಶೇ. 11.

ವಯಸ್ಸು ನೋಡಿ ಯಾವಾಗ ಕೆಡುತ್ತದೆ ಎಂದು ಹೇಳಲಾಗದ ಯಂತ್ರಗಳಿಗೆ ವೈಬ್ರೇಶನ್, ತಾಪಮಾನ ನೋಡುವುದೇ ದಾರಿ. ಗಟ್ಟಿ ಅಡಿಪಾಯದ ಮೇಲಿನ 15ರಿಂದ 300 ಕಿಲೋವ್ಯಾಟ್ ಯಂತ್ರಕ್ಕೆ ಐಎಸ್‌ಒ 10816-3 ಮಾನದಂಡದ (2022ರಲ್ಲಿ ಇದರ ಬದಲು 20816-3 ಬಂದಿದೆ) ಗಡಿಗಳಂತೆ ವೈಬ್ರೇಶನ್ ವೇಗ 2.8 ಮಿ.ಮೀ./ಸೆ.ಗೆ ಎಚ್ಚರಿಕೆ, 4.5ಕ್ಕೆ ತುರ್ತು ವರ್ಕ್ ಆರ್ಡರ್ ಇಟ್ಟು ಆರಂಭಿಸಬಹುದು. ಸ್ಟಾರ್ಟ್ ಆಗುವಾಗಿನ ನಡುಕಕ್ಕೆ ಅಲಾರಂ ಹೊಡೆಯದಂತೆ ಡಿಲೇ ಕೊಡಿ. ಸುಳ್ಳು ಅಲಾರಂ ನಾಲ್ಕು ಸಲ ಬಂದರೆ ಐದನೆಯದನ್ನು ಯಾರೂ ನೋಡುವುದಿಲ್ಲ.

ಶಿಫ್ಟ್ ಮುಗಿಯುವ ಹತ್ತು ನಿಮಿಷ ಮೊದಲು ಎಂಟು ಪಿಎಂ ಒಟ್ಟಿಗೆ ಮುಚ್ಚಿದ್ದು ಕಂಡರೆ, ಅವು ನಡೆದೇ ಇಲ್ಲ ಎಂದು ಅನುಮಾನಿಸಿ. ಟಿಕ್ ಹಾಕುವ ಕಡೆಯೆಲ್ಲ ಅಳತೆ ತುಂಬಿಸುವಂತೆ ಬದಲಿಸಿ: ಬೆಲ್ಟ್ ಟೆನ್ಶನ್ ಎಷ್ಟು, ಬೇರಿಂಗ್ ಎಷ್ಟು ಡಿಗ್ರಿ, ಮೋಟಾರ್ ಎಷ್ಟು ಆಂಪಿಯರ್.