ಸಕಾಲದ ಸ್ವೀಕೃತಿ ಚೀಟಿ ಮತ್ತು ನನ್ನ ಯುಪಿಎಸ್‌ಸಿ ತಯಾರಿ

ನಾನು ಕುಂದಾಪುರದ ಕಡೆಯವನು. ಪದವಿ ಮುಗಿದ ಮೇಲೆ ಉಡುಪಿಯಲ್ಲಿ ಕೋಣೆ ಹಿಡಿದು ಓದಿ, ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆದೆ. ಕನ್ನಡದಲ್ಲಿ ಬರೆಯಲು ಹೊರಟವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ಮೂರು ಗಂಟೆಗೆ 20 ಪ್ರಶ್ನೆಗಳು. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಯೋಚಿಸಲು ತಡವರಿಸಿದರೆ ಕೊನೆಯ ಪ್ರಶ್ನೆಗಳು ಕೈತಪ್ಪುತ್ತವೆ. ಅದಕ್ಕಾಗಿ ದಿನಾ ಒಂದು ಇಂಗ್ಲಿಷ್ ಸಂಪಾದಕೀಯ ಓದಿ, ಅದರ ತಿರುಳನ್ನು 150 ಪದಗಳಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ. ಪಾರಿಭಾಷಿಕ ಪದಗಳ ಪಕ್ಕದಲ್ಲಿ ಇಂಗ್ಲಿಷ್ ರೂಪ ಕೊಡಲು ಆಯೋಗವೇ ಅನುಮತಿಸಿದೆ. ಸಂಕೋಚವಿಲ್ಲದೆ ಬಳಸಿಕೊಳ್ಳಿ.

ಪೂರ್ವಭಾವಿ ಪರೀಕ್ಷೆಯ ಬಗ್ಗೆ ಹೇಳುವುದು ಕಡಿಮೆ. ಎರಡನೇ ಪತ್ರಿಕೆಯಲ್ಲಿ ಶೇ 33 ಅಂಕ ಬಂದರೆ ಸಾಕು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಾ ಹೋಗಬೇಕು, ಅಷ್ಟೇ.

ನನ್ನ ಓದಿಗೆ ಜೀವ ಬಂದದ್ದು ಊರಿನ ಅರ್ಜಿಗಳಿಂದ. ರಜೆಯಲ್ಲಿ ಮನೆಗೆ ಹೋದಾಗ ನೆರೆಕರೆಯವರ ಅರ್ಜಿ ಬರೆದುಕೊಡುತ್ತಿದ್ದೆ. ಮೀನು ಮಾರುವ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ತೆಗೆದು, "ಮಾಣಿ, ಇದರಲ್ಲಿ ಎಂತ ತಪ್ಪುಂಟು ನೋಡು" ಎಂದರು. ವೃದ್ಧರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿ. ಆಧಾರ್‌ನಲ್ಲಿ ಅವರ ಹೆಸರಿನ ಜೊತೆ ಗಂಡನ ಹೆಸರಿತ್ತು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಊರಿನ ಹೆಸರು. ಪ್ರತಿ ಸಲವೂ "ನಾಳೆ ಬನ್ನಿ" ಎಂಬ ಉತ್ತರ. ಆ ಒಂದು ನಾಳೆಗೆ ಅವರ ಒಂದು ದಿನದ ವ್ಯಾಪಾರ ಹೋಗುತ್ತಿತ್ತು. ಸ್ವೀಕೃತಿ ಚೀಟಿ ಹುಡುಕಿದೆ, ಇರಲಿಲ್ಲ. ಅರ್ಜಿ ಕಂಪ್ಯೂಟರಿಗೇ ಏರಿರಲಿಲ್ಲ. ಮೊದಲು ಆಧಾರ್ ತಿದ್ದುಪಡಿ ಮಾಡಿಸಿ, ಬ್ಯಾಂಕ್ ಖಾತೆ ಸರಿಪಡಿಸಿ, ನಾಡಕಚೇರಿಯಲ್ಲಿ ಹೊಸ ಅರ್ಜಿ ಕೊಟ್ಟು, ಸರ್ಕಾರಿ ಸೇವೆಗೆ ಗಡುವು ಹಾಕುವ ಸಕಾಲ ವ್ಯವಸ್ಥೆಯ 15 ಅಂಕಿಗಳ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಪಡೆದೆವು.

2011ರ ಸಕಾಲ ಕಾಯ್ದೆಯ ಪ್ರಕಾರ ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವಿದೆ. ಟಿಪ್ಪಣಿಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ. ಅಜ್ಜಿಯ ಜೊತೆ ನಿಂತಾಗ ತಿಳಿದದ್ದು, ಪರಿಹಾರಕ್ಕಿಂತ ಆ ಸಂಖ್ಯೆಯೇ ದೊಡ್ಡದು ಎಂಬುದು. ಸಂಖ್ಯೆ ಇದ್ದರೆ ಗಡುವು ಇದೆ, ಗಡುವು ಮೀರಿದರೆ ಉತ್ತರ ಕೊಡಬೇಕಾದ ಅಧಿಕಾರಿ ಇದ್ದಾರೆ, ಮೇಲ್ಮನವಿಗೆ ದಾರಿ ಇದೆ.

ಅಂದಿನಿಂದ ನನ್ನ ಟಿಪ್ಪಣಿ ಪುಸ್ತಕದ ಎಡಪುಟದಲ್ಲಿ ಕಾಯ್ದೆ ಅಥವಾ ಯೋಜನೆ, ಬಲಪುಟದಲ್ಲಿ ಅದು ನಮ್ಮೂರಿನಲ್ಲಿ ನಡೆಯುವ ರೀತಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಎಂಬುದು ಎಡಪುಟ. ಆ ದಿನಗಳಲ್ಲಿ ಬೋಟಿನ ಕೆಲಸಗಾರರ ಮನೆಯಲ್ಲಿ ಯಾರು ದುಡಿಯುತ್ತಾರೆ, ಸಾಲ ಎಲ್ಲಿಂದ ಬರುತ್ತದೆ ಎಂಬುದು ಬಲಪುಟ. 2013ರಲ್ಲಿ ಸೇರಿದ ನೀತಿಶಾಸ್ತ್ರ ಪತ್ರಿಕೆಯಲ್ಲಿ ಒಂದು ಸನ್ನಿವೇಶ ಕೊಟ್ಟು ಏನು ಮಾಡುವಿರಿ ಎಂದು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವಾಗ ಈ ಬಲಪುಟಗಳೇ ಕೈಹಿಡಿದವು. ಕೆಂಪುದೀಪದ ಕಾರಿನ ಕನಸು, ಭಾಷಣದಲ್ಲಿ ಕೇಳಿದ ದೇಶಸೇವೆ ಇವೆಲ್ಲ ಮೊದಲ ಸೋಲಿಗೇ ಸೊರಗುವುದನ್ನು ಜೊತೆಯವರಲ್ಲಿ ನೋಡಿದ್ದೇನೆ. ಅರ್ಜಿ ಕೊಟ್ಟು ಕಾಯುವವರ ಮುಖ ಗೊತ್ತಿದ್ದರೆ ಮತ್ತೆ ಪುಸ್ತಕ ತೆರೆಯುವುದು ಸುಲಭ.

275 ಅಂಕಗಳ ಸಂದರ್ಶನದಲ್ಲಿ ಈ ಸೇವೆ ಏಕೆ ಎಂದು ಕೇಳಿದಾಗ ಆ ಪಿಂಚಣಿಯ ಕತೆಯನ್ನೇ ಹೇಳಿದೆ. ಈಗ ಸೇವೆಯಲ್ಲಿದ್ದೇನೆ. ತಯಾರಿ ಆರಂಭಿಸುವ ಕರಾವಳಿಯ ಹುಡುಗ ಹುಡುಗಿಯರಿಗೆ ನಾನು ಹೇಳುವುದು, ನಿಮ್ಮ ಪಂಚಾಯತಿನ ಮುಂದಿನ ಗ್ರಾಮಸಭೆಗೆ ಹೋಗಿ. ಪಂಚಾಯತಿನಿಂದ ಆಸ್ತಿಯ 9/11 ದಾಖಲೆ (ನಮೂನೆ 9 ಮತ್ತು 11) ಆಗದವರು, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ 94ಸಿ ಹಕ್ಕುಪತ್ರ ಸಿಗದವರು, ಕಡಲ್ಕೊರೆತಕ್ಕೆ ತೆಂಗಿನ ಮರ ಕಳೆದುಕೊಂಡವರು ಎದ್ದು ನಿಂತು ಮಾತನಾಡುತ್ತಾರೆ. ಒಬ್ಬರನ್ನು ಆರಿಸಿ, ಅವರ ಅರ್ಜಿ ಇತ್ಯರ್ಥವಾಗುವವರೆಗೂ ಜೊತೆಗೆ ನಡೆಯಿರಿ.