ಬೂದಿ ತುಂಬಿದ ಕಾಲುಚೀಲ: ಆರು ವರ್ಷದ ಮಗಳೊಂದಿಗೆ ನಮೀಬಿಯಾದಲ್ಲಿ ಬೇಟೆ

ಮಗಳಿಗೆ ಆರು ತುಂಬಿದ ವರ್ಷ, ಆಗಸ್ಟ್ ಕೊನೆಯ ವಾರ, ನಾವು ಮೂವರೂ ಜರ್ಮನಿಯಿಂದ ಆಫ್ರಿಕಾದ ನಮೀಬಿಯಾಕ್ಕೆ ಬೇಟೆಗೆ ಹೋದೆವು. ನಾನು, ನನ್ನ ಗಂಡ, ಅವಳು. ಹೊರಡುವ ಮೊದಲು ಊರಿನಿಂದಲೂ ಇಲ್ಲಿನ ಗೆಳೆಯರಿಂದಲೂ ಒಂದೇ ಪ್ರಶ್ನೆ: ಇಷ್ಟು ಚಿಕ್ಕ ಮಗುವನ್ನು ಅಲ್ಲಿಗೆ ಯಾಕೆ? ಈಗ ಅಂಥದೇ ಯೋಚನೆಯಲ್ಲಿರುವ ಇಬ್ಬರು ಮೂವರು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಸರಿಹೋಗಿದ್ದನ್ನೂ ಹೇಳುತ್ತೇನೆ, ನಾನು ಕೆಡಿಸಿದ್ದನ್ನೂ ಹೇಳುತ್ತೇನೆ.

ನನ್ನ ತವರು ವಿರಾಜಪೇಟೆ ಕಡೆ. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಜೋಡುನಳಿಗೆಯ ಒಂದು ಹಳೇ ಕೋವಿ ಇದೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಅದಕ್ಕೆ ಹೂ ಮುಡಿಸಿ ಪೂಜೆ ಮಾಡುವುದನ್ನು ನೋಡಿ ಬೆಳೆದವಳು ನಾನು. ಬೇಟೆ ಮಾತ್ರ ತಾತನ ಬಾಯಲ್ಲಿ ಕೇಳಿದ್ದು. 1972ರ ವನ್ಯಜೀವಿ ಕಾಯ್ದೆ ಬಂದಾಗ ನಾನು ಹುಟ್ಟಿಯೇ ಇರಲಿಲ್ಲ. ಆ ಕಾನೂನು ಬೇಕಿತ್ತು, ಈಗಲೂ ಬೇಕು. ಊರಿನ ಕಾಡಿನಲ್ಲಿ ಬೇಟೆ ಆಡಬೇಕೆಂಬ ಆಸೆ ನನಗೆ ಎಂದೂ ಇಲ್ಲ. ಆದರೆ ತಾತ ಹೇಳಿದ ಒಂದು ವಿಷಯ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹಂದಿ ಬಿದ್ದ ಮೇಲೆ ಪಾಲು ಹಾಕುವಾಗ ಜಾಡು ಹಿಡಿದ ನಾಯಿಗೂ ಒಂದು ಪಾಲು ತೆಗೆದಿಡುತ್ತಿದ್ದರಂತೆ. ಈ ಕಥೆಯನ್ನು ಮಗಳಿಗೂ ಎಷ್ಟೋ ಸಲ ಹೇಳಿದ್ದೆ.

ಜರ್ಮನಿಗೆ ಬಂದು ಕೆಲವು ವರ್ಷದ ಮೇಲೆ ಇಲ್ಲಿನ ಬೇಟೆ ಪರವಾನಗಿ, ಯಾಗ್ಡ್‌ಶೈನ್, ಪಡೆದೆ. ಬರಹದ ಪರೀಕ್ಷೆ, ಮೌಖಿಕ, ಗುರಿ ಹೊಡೆಯುವುದು, ಮೂರರಲ್ಲೂ ಪಾಸಾಗಬೇಕು. ಪ್ರಾಣಿಗಳ ರೋಗ, ಮಾಂಸದ ಶುಚಿತ್ವ, ನಾಯಿ, ಕಾನೂನು ಎಲ್ಲವನ್ನೂ ಓದಿಸುತ್ತಾರೆ. ಜನ ಇದನ್ನು 'ಹಸಿರು ಅಬಿಟೂರ್' ಅನ್ನುತ್ತಾರೆ, ಅಂದರೆ ಕಾಡಿನ ಪಿಯುಸಿ ಇದ್ದ ಹಾಗೆ. ಅಲ್ಲಿಂದ ಮುಂದೆ ರೋ ಜಿಂಕೆ, ಕಾಡುಹಂದಿ ಹೊಡೆದಿದ್ದೇನೆ. ಮಗಳು ಅಡುಗೆಮನೆಯ ಮೇಜಿನ ಮೇಲೆ ಮಾಂಸ ಕೊಚ್ಚುವುದನ್ನು ನೋಡಿದ್ದಳೇ ಹೊರತು ಪ್ರಾಣಿ ಬೀಳುವುದನ್ನು ನೋಡಿರಲಿಲ್ಲ.

ನಮೀಬಿಯಾ ಆರಿಸಿದ್ದು ಪೂರ್ತಿ ಮಗುವಿನ ಲೆಕ್ಕದಲ್ಲಿ. ರಾಜಧಾನಿ ವಿಂಡ್‌ಹುಕ್ ಸುತ್ತಲಿನ ಎತ್ತರದ ಪ್ರದೇಶದಲ್ಲಿ ಮಲೇರಿಯಾದ ಭಯವಿಲ್ಲ, ಅದಿರುವುದು ಉತ್ತರದ ಕಡೆ. ಫ್ರಾಂಕ್‌ಫರ್ಟ್‌ನಿಂದ ರಾತ್ರಿ ವಿಮಾನ ಹತ್ತಿದರೆ ಬೆಳಿಗ್ಗೆ ನೇರ ವಿಂಡ್‌ಹುಕ್. ಜರ್ಮನಿಯ ಬೇಸಿಗೆ ಸಮಯವೂ ನಮೀಬಿಯಾದ ಸಮಯವೂ ಒಂದೇ, ಗಡಿಯಾರ ತಿರುಗಿಸುವ ಕೆಲಸವೇ ಇಲ್ಲ. ಮಕ್ಕಳಿರುವವರಿಗೆ ಇದರ ಬೆಲೆ ಗೊತ್ತು. ಆಗಸ್ಟ್ ಅಲ್ಲಿ ಚಳಿಗಾಲದ ಕೊನೆ. ಹುಲ್ಲು ಒಣಗಿ ಮಲಗಿರುತ್ತದೆ, ದೂರದವರೆಗೆ ಕಾಣುತ್ತದೆ, ಹಾವುಗಳೂ ಕಡಿಮೆ ಓಡಾಡುತ್ತವೆ. ಸಂಜೆ ಏಳಕ್ಕೆಲ್ಲ ಕತ್ತಲು, ರಾತ್ರಿ ಬೇಟೆ ಕಾನೂನಿನಲ್ಲೇ ಇಲ್ಲ. ಅಂದರೆ ಮಗು ಮಲಗುವ ಹೊತ್ತಿಗೆ ಎಲ್ಲರೂ ಮನೆಯಲ್ಲಿ.

ಕಾಗದಪತ್ರದಲ್ಲಿ ಮುಖ್ಯವಾಗಿ ಮರೆಯಬಾರದ್ದು: ಮಗುವಿನ ಜನನ ಪ್ರಮಾಣಪತ್ರ, ಅಪ್ಪ ಅಮ್ಮ ಇಬ್ಬರ ಹೆಸರೂ ಇರುವಂಥದ್ದು. ಪಾಸ್‌ಪೋರ್ಟ್ ಇದ್ದರೂ ಅದನ್ನು ಕೇಳುತ್ತಾರೆ. ಕಾರಿನ ಮಕ್ಕಳ ಸೀಟನ್ನು ನಾವೇ ಹೊತ್ತುಕೊಂಡು ಹೋದೆವು. ವಿಮಾನ ನಿಲ್ದಾಣ ಇರುವುದೇ ಊರಿಂದ ನಲವತ್ತು ಚಿಲ್ಲರೆ ಕಿಲೋಮೀಟರ್ ಆಚೆ, ಅಲ್ಲಿಂದ ನಾವು ಉಳಿಯುವ ಬೇಟೆ ಫಾರ್ಮಿಗೆ ಮತ್ತೆ ಜಲ್ಲಿ ರಸ್ತೆ. ನನ್ನ ರೈಫಲ್ ಒಯ್ಯಲಿಲ್ಲ. ಒಂದು ಕೈಯಲ್ಲಿ ನಿದ್ದೆಗಣ್ಣಿನ ಮಗು, ಇನ್ನೊಂದು ಕೈಯಲ್ಲಿ ಕೋವಿಯ ಪೆಟ್ಟಿಗೆ ಹಿಡಿದು ಪೊಲೀಸ್ ಕೌಂಟರಿನಲ್ಲಿ ನಿಲ್ಲುವುದು ಬೇಡ ಅನಿಸಿತು. ಫಾರ್ಮಿನಲ್ಲೇ .308 ವಿಂಚೆಸ್ಟರ್ ಗುಂಡಿನ ರೈಫಲ್ ಬಾಡಿಗೆಗೆ ಸಿಕ್ಕಿತು. ಓರಿಕ್ಸ್, ಕುಡುವಿನಂಥ ದೊಡ್ಡ ಹುಲ್ಲೆಗಳಿಗೆ ಅಲ್ಲಿನ ಕಾನೂನು ಕನಿಷ್ಠ 2,700 ಜೂಲ್ ಶಕ್ತಿ ಕೇಳುತ್ತದೆ, .308ಕ್ಕೆ ಅದು ಕಷ್ಟವಲ್ಲ.

ಖರ್ಚು ಎರಡು ಥರ. ಬೇಟೆಗಾರರಿಗೂ ಜೊತೆಗೆ ಬಂದವರಿಗೂ ಬೇರೆ ಬೇರೆ ದಿನದ ಬಾಡಿಗೆ, ಅದರ ಮೇಲೆ ಹೊಡೆದ ಒಂದೊಂದು ಪ್ರಾಣಿಗೂ ಶುಲ್ಕ. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗೂ ಪೂರ್ತಿ ಶುಲ್ಕ ಕೊಡಬೇಕು, ಅದು ನ್ಯಾಯವೇ. ಕೋವಿ ಹಿಡಿಯುವವರು ನಮ್ಮಲ್ಲಿ ಒಬ್ಬರೇ ಇರಬೇಕು ಅಂತ ಮೊದಲೇ ತೀರ್ಮಾನಿಸಿದ್ದೆವು. ನನ್ನ ಗಂಡ ಮೈಸೂರಿನವರು, ಮಾಂಸ ತಿನ್ನುತ್ತಾರೆ, ಕೋವಿ ಮುಟ್ಟುವುದಿಲ್ಲ. ಅವರ ಗಮನ ಇಡೀ ದಿನ ಮಗಳ ಮೇಲೆ. ಅಪ್ಪ ಅಮ್ಮ ಇಬ್ಬರೂ ಬೇಟೆ ಆಡುವವರಾದರೆ ದಿನ ಬಿಟ್ಟು ದಿನ ಹೋಗಿ, ಒಟ್ಟಿಗೆ ಖಂಡಿತ ಬೇಡ.

ಎರಡು ತಿಂಗಳು ಮೊದಲಿಂದ ಮನೆಯಲ್ಲಿ ಅಭ್ಯಾಸ ಮಾಡಿಸಿದೆ. ಕಿವಿಗೆ ಹಾಕುವ ಮಫ್ ತೊಟ್ಟು ಕಾರ್ಟೂನ್ ನೋಡುವುದು, ಅಮ್ಮ ಕೈ ಎತ್ತಿದ ತಕ್ಷಣ ಕಲ್ಲಿನ ಹಾಗೆ ನಿಲ್ಲುವುದು, ಯಾವಾಗಲೂ ಕೋವಿಯ ಹಿಂದೆಯೇ ಇರುವುದು. 'ಬೇಡ' ಅನ್ನುವ ಹಕ್ಕನ್ನೂ ಕೊಟ್ಟೆ. ಅವಳು ಬೇಡ ಅಂದರೆ ಆ ಹೊತ್ತಿಗೇ ವಾಪಸ್, ಯಾರೂ ಯಾಕೆ ಅಂತ ಕೇಳಬಾರದು. ಒಂದು ರಾತ್ರಿ ಹೊದಿಕೆಯೊಳಗಿಂದ ಕೇಳಿದಳು, "ಅವ್ವ, ಅದಕ್ಕೆ ನೋವಾಗುತ್ತಾ?" "ಇಲ್ಲ ಮಗ, ಅದಕ್ಕೆ ಗೊತ್ತಾಗೋ ಮೊದಲೇ ಹೋಗಿಬಿಡುತ್ತೆ" ಅಂದೆ. ಈ ಉತ್ತರವನ್ನು ನೆನಪಿಡಿ, ಮುಂದೆ ಇದರ ವಿಷಯ ಬರುತ್ತದೆ.

ಮೊದಲ ಎರಡು ದಿನ ಕೋವಿ ಹೊರಗೆ ತೆಗೆಯಲೇ ಇಲ್ಲ. ಸಾವಿರದ ಏಳುನೂರು ಮೀಟರ್ ಎತ್ತರ, ಒಣ ಗಾಳಿ. ಮೊದಲ ಬೆಳಿಗ್ಗೆಯೇ ಅವಳ ಮೂಗಿನಿಂದ ರಕ್ತ ಬಂತು. ಮೂಗಿನೊಳಗೆ ಸ್ವಲ್ಪ ವ್ಯಾಸಲಿನ್, ಗಂಟೆಗೊಮ್ಮೆ ನೀರು, ಅಷ್ಟಕ್ಕೇ ನಿಂತಿತು. ಬೆಳಿಗ್ಗೆ ಸ್ವೆಟರ್ ಮೇಲೆ ಜಾಕೆಟ್, ಹತ್ತು ಗಂಟೆಗೆ ಬರೀ ಶರ್ಟು. ಬಕ್ಕಿ, ಅಂದರೆ ಅಲ್ಲಿನ ಪಿಕಪ್ ಗಾಡಿ, ಅದರ ಹಿಂದೆ ಕೂತು ಹೆಜ್ಜೆ ಗುರುತು ಕಲಿತಳು. ಕುಡುವಿನ ಹೆಜ್ಜೆ ಉದ್ದನೆಯ ಹೃದಯದ ಹಾಗೆ, ಜೀಬ್ರಾದ್ದು ಕುದುರೆಯ ಗೊರಸಿನ ಹಾಗೆ ಗುಂಡಗೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು.

ಜಾಡು ಹಿಡಿಯುವ ಟ್ರ್ಯಾಕರ್ ಅವಳಿಗೆ ಒಂದು ಕೆಲಸ ಕೊಟ್ಟ. ಸೌದೆ ಬೂದಿಯನ್ನು ಜರಡಿ ಹಿಡಿದು ಹಳೇ ಕಾಲುಚೀಲದಲ್ಲಿ ತುಂಬಿ ಬಾಯಿ ಗಂಟು ಹಾಕಿದ್ದ. ಬೆರಳಿನಿಂದ ಒಮ್ಮೆ ತಟ್ಟಿದರೆ ನಯವಾದ ಬಿಳಿ ಹೊಗೆ ಎದ್ದು ಗಾಳಿ ಯಾವ ಕಡೆ ಅಂತ ತೋರಿಸುತ್ತದೆ. ನಮ್ಮ ವಾಸನೆ ಪ್ರಾಣಿಯ ಕಡೆ ಹೋದರೆ ಆಟ ಮುಗಿಯಿತು. ಹತ್ತು ಹೆಜ್ಜೆಗೊಮ್ಮೆ ಅವನು ತಿರುಗಿ ನೋಡುತ್ತಿದ್ದ, ಇವಳು ಚೀಲ ತಟ್ಟುತ್ತಿದ್ದಳು, ಇಬ್ಬರೂ ಹೊಗೆಯನ್ನೇ ನೋಡುತ್ತಿದ್ದರು. ಅವನ ಮಾತು ಖೋಯಿಖೋಯಿ, ನಾಲಿಗೆಯಿಂದ ಲೊಚ್ ಅನ್ನಿಸುವ ಭಾಷೆ. ಇವಳದು ಜರ್ಮನ್, ಕನ್ನಡ, ನಾಲ್ಕು ಮಾತು ಕೊಡವ ತಕ್ಕ್. ಬೂದಿ ಇಬ್ಬರಿಗೂ ಅರ್ಥವಾಗುತ್ತಿತ್ತು. ಮಕ್ಕಳನ್ನು ಕರೆದೊಯ್ಯುವವರಿಗೆ ನನ್ನ ಮೊದಲ ಸಲಹೆ ಇದೇ: ಕೈಗೊಂದು ನಿಜವಾದ ಕೆಲಸ ಕೊಡಿ. ಆಟಿಕೆ ದುರ್ಬೀನು ಕೊಟ್ಟು ಕೂರಿಸಿದರೆ ಅರ್ಧ ಗಂಟೆಯಲ್ಲಿ ಬೇಜಾರು ಅನ್ನುತ್ತಾರೆ.

ಮೂರನೇ ದಿನ ಸ್ಪ್ರಿಂಗ್‌ಬಕ್, ಒಂದು ಚಿಕ್ಕ ಹುಲ್ಲೆ. ಮಗಳು ಇನ್ನೂರು ಹೆಜ್ಜೆ ಹಿಂದೆ, ಮುಳ್ಳುಮರದ ಬುಡದಲ್ಲಿ ಅಪ್ಪನ ಜೊತೆ ಇದ್ದಳು. ಒಂದೇ ಗುಂಡು, ನಿಂತಲ್ಲೇ ಬಿತ್ತು. ಕರೆದಾಗ ಬಂದು ನೋಡಿದಳು. ಸತ್ತ ಸ್ಪ್ರಿಂಗ್‌ಬಕ್‌ನ ಬೆನ್ನಿನ ಮೇಲೆ ಒಂದು ಮಡಿಕೆ ಬಿಚ್ಚಿಕೊಂಡು ಉದ್ದನೆಯ ಬಿಳಿ ಕೂದಲು ಎದ್ದು ನಿಲ್ಲುತ್ತದೆ, ಅದಕ್ಕೆ ಜೇನಿನಂಥ ಸಿಹಿ ವಾಸನೆ ಇರುತ್ತದೆ. ಮೂಗು ಹತ್ತಿರ ತಂದು ವಾಸನೆ ನೋಡಿದಳು, ಕುತ್ತಿಗೆ ಸವರಿದಳು. "ಇನ್ನೂ ಬಿಸಿ ಇದೆ ಅವ್ವ" ಅಂದಳು. ಎಲ್ಲ ನಾನು ಹೇಳಿದ ಹಾಗೇ ಆಗಿತ್ತು.

ಐದನೇ ದಿನ ಹಾಗಾಗಲಿಲ್ಲ. ಫಾರ್ಮಿನ ಯಜಮಾನರು ತೋರಿಸಿದ್ದು ಒಂದು ಮುದಿ ಹೆಣ್ಣು ಓರಿಕ್ಸ್. ಕೊಂಬಿನ ತುದಿ ಸವೆದು ಮೊಂಡಾಗಿತ್ತು, ಕರು ಇರಲಿಲ್ಲ. ಹಿಂದಿನ ದಿನ ಕಾಗದದ ಮೇಲೆ ಚಿತ್ರ ಬರೆದೇ ಹೇಳಿದ್ದರು: ಇಲ್ಲಿನ ಪ್ರಾಣಿಗಳ ಹೃದಯ, ಶ್ವಾಸಕೋಶ ಯುರೋಪಿನ ಜಿಂಕೆಗಿಂತ ಮುಂದೆ, ಕೆಳಗೆ. ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನ ಮೂರನೇ ಒಂದು ಪಾಲಿಗೆ ಹೊಡೆಯಿರಿ, ಹೆಗಲಿನ ಹಿಂದೆ ಹೊಡೆಯಬೇಡಿ. ತಲೆ ಆಡಿಸಿದ್ದೆ. ಆದರೆ ಮೂರು ಕಾಲಿನ ಕೋಲಿನ ಮೇಲೆ ರೈಫಲ್ ಇಟ್ಟು ಉಸಿರು ಹಿಡಿದಾಗ ಕೈ ಹಳೇ ಅಭ್ಯಾಸಕ್ಕೇ ಹೋಯಿತು. ರೋ ಜಿಂಕೆಗೆ ಹೊಡೆಯುವ ಹಾಗೆ ಹೆಗಲಿನ ಹಿಂದೆ ಹೊಡೆದೆ. ಓರಿಕ್ಸ್ ಬೆನ್ನು ಬಾಗಿಸಿ ಒಮ್ಮೆ ಒದ್ದು ಓಡಿತು.

ನಿಂತಿದ್ದ ಜಾಗದಲ್ಲಿ ಕಪ್ಪು ಕೆಂಪು ರಕ್ತ, ಅದರಲ್ಲಿ ಹಸಿರು ಚೂರು. ಟ್ರ್ಯಾಕರ್ ಬೆರಳಿನಲ್ಲಿ ಮುಟ್ಟಿ ನನ್ನ ಕಡೆ ನೋಡಿದ, ಏನೂ ಹೇಳಲಿಲ್ಲ. ಗುಂಡು ಬಿದ್ದದ್ದು ಯಕೃತ್ತಿನ ಭಾಗಕ್ಕೆ, ಹೊಟ್ಟೆಗೆ. ಅಂಥ ಗಾಯದ ಹಿಂದೆ ಕೂಡಲೇ ಹೋಗಬಾರದು, ಹೋದರೆ ಪ್ರಾಣಿ ಮತ್ತಷ್ಟು ದೂರ ಓಡುತ್ತದೆ. ಅರ್ಧ ಗಂಟೆ ಕಾದೆವು. ಗಾಯಗೊಂಡ ಓರಿಕ್ಸ್ ಕೊಂಬು ತಗ್ಗಿಸಿ ತಿರುಗಿ ಬೀಳುತ್ತದೆ, ಹಾಗಾಗಿ ಜಾಡಿನ ಮೇಲೆ ಮಗು ಇರಲೇಬಾರದು. ರೇಡಿಯೋದಲ್ಲಿ ಹೇಳಿ ಇನ್ನೊಂದು ಗಾಡಿ ತರಿಸಿ ಅಪ್ಪ ಮಗಳನ್ನು ಮನೆಗೆ ಕಳಿಸಿದೆವು. ಎರಡನೇ ಗಾಡಿ ಇದೆಯೇ ಅಂತ ಬುಕ್ ಮಾಡುವಾಗಲೇ ಕೇಳಿಕೊಂಡಿದ್ದೆ, ಇಡೀ ತಯಾರಿಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಪ್ರಶ್ನೆಯೇ. ಆಮೇಲೆ ಮೂರು ಗಂಟೆ ಕಲ್ಲು, ಮುಳ್ಳು, ಒಣ ಹಳ್ಳ. ರಕ್ತ ಎರಡು ಕಡೆ ಪೂರ್ತಿ ನಿಂತುಹೋಗಿತ್ತು, ಟ್ರ್ಯಾಕರ್ ಬರೀ ಗೊರಸಿನ ಗುರುತಿನ ಮೇಲೆ ನಡೆದ. ಕೊನೆಗೆ ಫಾರ್ಮಿನ ಪುಟ್ಟ ಟೆರಿಯರ್ ನಾಯಿ ಅದನ್ನು ಒಂದು ಪೊದೆಯ ಬಳಿ ತಡೆದು ನಿಲ್ಲಿಸಿತು. ಕೊಂಬಿಗೆ ಸಿಗದ ಹಾಗೆ ಸುತ್ತ ಸುತ್ತ ಓಡುತ್ತಾ ಬೊಗಳುತ್ತಿತ್ತು. ನಾಯಿ ಪಕ್ಕಕ್ಕೆ ಸರಿದ ಒಂದು ಕ್ಷಣದಲ್ಲಿ ಎರಡನೇ ಗುಂಡು ಹೊಡೆದೆ. ಆ ಮೂರೂವರೆ ಗಂಟೆ ಆ ಪ್ರಾಣಿ ಪಟ್ಟದ್ದು ನನ್ನ ಕೈಯಿಂದ.

ಮನೆಗೆ ಹೋದಾಗ ಮಗಳು ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು, ಕೈಯಲ್ಲಿ ಬೂದಿ ಚೀಲ. "ಗೊತ್ತಾಗೋ ಮೊದಲೇ ಹೋಯ್ತಾ?" ಅಂತ ಕೇಳಿದಳು. ಸುಳ್ಳು ಹೇಳಿದ್ದರೆ ಅವಳು ನಂಬುತ್ತಿದ್ದಳು. "ಇಲ್ಲ ಮಗ. ಅದಕ್ಕೆ ತುಂಬ ನೋವಾಯ್ತು. ನಾನು ತಪ್ಪು ಜಾಗಕ್ಕೆ ಹೊಡೆದೆ. ಆವತ್ತು ನಿನಗೆ ಹೇಳಿದ್ದೂ ಸರಿಯಲ್ಲ, ಒಂದೊಂದು ಸಲ ಹೀಗೂ ಆಗುತ್ತೆ" ಅಂದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಹುಡುಕೋದು ನಿಲ್ಲಿಸಲಿಲ್ಲ ಅಲ್ವಾ?" ಅಂದಳು. ನಿಲ್ಲಿಸಲಿಲ್ಲ ಅಂದೆ. ನಾಳೆ ನಾನು ಬರಲ್ಲ ಅಂದಳು. ಒಪ್ಪಂದದ ಪ್ರಕಾರ ಯಾರೂ ಯಾಕೆ ಅಂತ ಕೇಳಲಿಲ್ಲ. ಮಕ್ಕಳಿಗೆ ಮೊದಲೇ ಪೂರ್ತಿ ನಿಜ ಹೇಳಿಬಿಡಿ. ನಾನು ಹೇಳಲಿಲ್ಲ, ಆ ಮೆಟ್ಟಿಲ ಮೇಲೆ ಹೇಳಬೇಕಾಯಿತು.

ಮರುದಿನ ನಾನು ಕೋವಿ ಮುಟ್ಟಲಿಲ್ಲ. ಯಜಮಾನರ ಜೊತೆ ಕೂತು ಮಾತಾಡಿದೆ. ಅವರ ತಂದೆಯ ಕಾಲದಲ್ಲಿ ಕುಡು, ಓರಿಕ್ಸ್ ಅಂದರೆ ದನದ ಮೇವು ತಿನ್ನುವ ಶತ್ರು. 1967ರ ಕಾನೂನು ಜಮೀನುದಾರರಿಗೆ ತಮ್ಮ ನೆಲದ ಕಾಡುಪ್ರಾಣಿಯ ಮೇಲೆ ಹಕ್ಕು ಕೊಟ್ಟ ಮೇಲೆ ಅವನ್ನು ಉಳಿಸಿಕೊಳ್ಳುವುದೇ ಲಾಭವಾಯಿತು, ಪ್ರಾಣಿಗಳೂ ಹೆಚ್ಚಿದವು. 1996ರಲ್ಲಿ ಅಂಥ ಹಕ್ಕು ಬುಡಕಟ್ಟು ಜನರ ಸಾಮೂಹಿಕ ಜಮೀನಿಗೂ ಬಂತು. ನಮ್ಮ ದೇಶಕ್ಕೆ ಈ ದಾರಿ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ, ನಮ್ಮ ಕಾಡು ಬೇರೆ, ಜನಸಂಖ್ಯೆ ಬೇರೆ. ಆದರೆ ಆ ನೆಲದಲ್ಲಿ ಅದು ಕೆಲಸ ಮಾಡುವುದನ್ನು ಕಣ್ಣಾರೆ ಕಂಡೆ.

ಸೆಪ್ಟೆಂಬರ್ 2ರ ಸಂಜೆ ಒಂದು ವಾರ್ಟ್‌ಹಾಗ್, ಅಂದರೆ ಆಫ್ರಿಕಾದ ಒಂದು ಕಾಡುಹಂದಿ, ಹೊಡೆದೆ. ಎಪ್ಪತ್ತು ಮೀಟರ್ ದೂರ, ಮುಂಗಾಲಿನ ನೇರಕ್ಕೆ, ಒಂದೇ ಗುಂಡು. ಮಗಳು ಮನೆಯಲ್ಲಿದ್ದಳು. ಮರುದಿನ ಕೈಲ್ ಪೊಳ್ದ್. ತಾರೀಖು ನೋಡಿಯೇ ಪ್ರಯಾಣ ಗೊತ್ತು ಮಾಡಿದ್ದೆ, ಸಾಮಾನಿನ ತಳದಲ್ಲಿ ಮೂರು ಪದರ ಪ್ಲಾಸ್ಟಿಕ್ ಸುತ್ತಿದ, ಕೊಡಗಿನ ಕಪ್ಪು ಹುಳಿ ಕಾಚಂಪುಳಿಯ ಬಾಟಲಿಯೂ ಎರಡು ಕಿಲೋ ಅಕ್ಕಿತರಿಯೂ ಇದ್ದವು. ಜಗಲಿಯಲ್ಲಿ ದೀಪ ಹಚ್ಚಿ, ಖಾಲಿ ಮಾಡಿದ ರೈಫಲನ್ನು ಒರಗಿಸಿ ಇಟ್ಟೆ. ಊರಿನಲ್ಲಿ ಕೋವಿಗೆ ಮುಡಿಸುವ ತೋಕ್ ಪೂ ಅಲ್ಲೆಲ್ಲಿ ಸಿಗಬೇಕು? ಕ್ಯಾಮೆಲ್ ಥಾರ್ನ್ ಮರದಲ್ಲಿ ಜಾಲಿ ಹೂವಿನಂಥ ಹಳದಿ ಗುಂಡು ಹೂ ಬಿಟ್ಟಿತ್ತು, ಮಗಳು ಅದನ್ನೇ ತಂದು ನಳಿಗೆಗೆ ಸಿಕ್ಕಿಸಿದಳು.

ವಾರ್ಟ್‌ಹಾಗ್‌ನಲ್ಲಿ ಕೊಬ್ಬು ಬಹಳ ಕಡಿಮೆ, ಊರಿನ ಪಂದಿ ಕರಿಯ ಹಾಗೆ ಎಣ್ಣೆ ಬಿಡುವುದಿಲ್ಲ. ಅಡುಗೆಯವರು ಕೊಟ್ಟ ಸಾಕುಹಂದಿಯ ಕೊಬ್ಬು ಸೇರಿಸಿ ಎರಡೂವರೆ ಗಂಟೆ ಬೇಯಿಸಿದೆ. ಕಾಡಿನ ಹಂದಿ ಯಾವುದೇ ಇರಲಿ, ಚೆನ್ನಾಗಿ ಬೇಯಲೇಬೇಕು, ಅದರಲ್ಲೂ ಮಗು ತಿನ್ನುವಾಗ. ಕೊನೆಯಲ್ಲಿ ಕಾಚಂಪುಳಿ ಬಿದ್ದು ಮಸಾಲೆ ಕಪ್ಪಾಗುತ್ತಿದ್ದ ಹಾಗೆ ಅಡುಗೆಮನೆಯಲ್ಲಿ ಎದ್ದ ವಾಸನೆಗೆ ನನ್ನ ಕಣ್ಣು ತುಂಬಿತು. ಅಕ್ಕಿತರಿಯ ಕಡಂಬುಟ್ಟು ಉಂಡೆ ಕಟ್ಟಿದ್ದು ಮಗಳು, ಒಂದೂ ಒಂದೇ ಅಳತೆ ಇರಲಿಲ್ಲ. ಮಾಂಸ ಯುರೋಪಿಗೆ ತರುವ ಹಾಗಿಲ್ಲ, ಆದ್ದರಿಂದ ಓರಿಕ್ಸ್, ಸ್ಪ್ರಿಂಗ್‌ಬಕ್ ಎಲ್ಲ ಫಾರ್ಮಿನ ಅಡುಗೆಮನೆಗೂ ಕೆಲಸಗಾರರ ಮನೆಗಳಿಗೂ ಹೋಯಿತು. ಓರಿಕ್ಸ್ ಕೊಂಬನ್ನು ನಾನು ತರಲಿಲ್ಲ.

ಎಲೆ ಬದಲು ತಟ್ಟೆ ಹಾಕಿ ಎಲ್ಲರೂ ಕೂತೆವು, ಯಜಮಾನರು, ಅವರ ಹೆಂಡತಿ, ಟ್ರ್ಯಾಕರ್, ನಾವು ಮೂವರು. ಬಡಿಸುವ ಮೊದಲು ಮಗಳು ಎದ್ದು ಅಡುಗೆಮನೆಗೆ ಹೋದಳು. ಖಾರ ಹಾಕದೆ ಬೇಯಿಸಿ ತೆಗೆದಿಟ್ಟಿದ್ದ ಒಂದು ತುಂಡನ್ನು ಬಟ್ಟಲಲ್ಲಿ ಹಿಡಿದು ತಂದಳು. ಊದಿ ಊದಿ ಆರಿಸಿ, ಜಗಲಿಯ ಮೂಲೆಯಲ್ಲಿ ಮಲಗಿದ್ದ ಟೆರಿಯರ್ ಮುಂದೆ ಇಟ್ಟಳು. ಅದು ತಿಂದು ಮುಗಿಸುವ ತನಕ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಆಮೇಲೆ ಬಂದು ನನ್ನ ಪಕ್ಕ ಕೂತು ತಟ್ಟೆ ಮುಂದಕ್ಕೆ ತಳ್ಳಿದಳು.