ಪತ್ತನಾಜೆಗೆ ಮೊದಲು: ಹಳೆಯ ಗುತ್ತಿನ ಮನೆ, ಹಟ್ಟಿಗಳ ಮಾಡು ಬಿಚ್ಚಿ ಹೊದಿಸುವುದು

ತುಳುನಾಡಿನಲ್ಲಿ ಗುತ್ತಿನ ಮನೆ ಎಂದರೆ ಊರಿನ ಹಿರಿ ಮನೆತನದ ಮನೆ, ಹಟ್ಟಿ ಎಂದರೆ ದನದ ಕೊಟ್ಟಿಗೆ, ಮಾಡು ಎಂದರೆ ಛಾವಣಿ. ಹಂಚಿನ ಮಾಡಿನಲ್ಲಿ ನೀರು ಹೊಗುವ ಜಾಗ ಒಂದು, ಹನಿ ಬೀಳುವ ಜಾಗ ಇನ್ನೊಂದು. ಒಳಹೊಕ್ಕ ನೀರು ಹಂಚಿನ ಅಡಿಗೆ ಅಂಟಿಕೊಂಡೇ ಕೆಳಗಿಳಿದು, ರೀಪು (ಹಂಚು ಕೂರುವ ಅಡ್ಡಪಟ್ಟಿ) ಅಡ್ಡ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಹಾಗಾಗಿ ಹನಿ ಬಿದ್ದಲ್ಲಿಂದ ಎರಡು ಮೂರು ಸಾಲು ಮೇಲಕ್ಕೆ ಹುಡುಕಬೇಕು. ಮಾರ್ಚ್‌ನ ನಡುಮಧ್ಯಾಹ್ನ ಅಟ್ಟ ಹತ್ತಿ ಬೆಳಕು ತೂರುವ ಕಡೆಯೆಲ್ಲ ಪಕ್ಕಾಸಿಗೆ (ನೆತ್ತಿಯಿಂದ ಸೂರಿಗೆ ಇಳಿಯುವ ಮರಕ್ಕೆ) ಸೀಮೆಸುಣ್ಣದ ಗುರುತು ಹಾಕಿ. ಕೆಲಸ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಗೆ ಬರುವ ತುಳುವರ ಬೇಶ ತಿಂಗಳ ಹತ್ತನೆಯ ದಿನದೊಳಗೆ, ಮುಗಿಯಲಿ. ಆಮೇಲೆ ಮಳೆ ಯಾವತ್ತು ಹಿಡಿಯುತ್ತದೋ ಹೇಳಲಾಗದು.

ಹಂಚಿಗಿಂತ ಮೊದಲು ಮರ. ಪಕ್ಕಾಸು ಕುಂಬಾಗುವುದು (ಕೊಳೆತು ಟೊಳ್ಳಾಗುವುದು) ನಡುವಿನಲ್ಲಲ್ಲ, ಗೋಡೆಯ ಮೇಲೆ ಕೂರುವ ತುದಿಯಲ್ಲಿ. ಗೋಡೆಯ ಮುರಕಲ್ಲು (ಕೆಂಪುಕಲ್ಲು) ಹೀರಿದ ತೇವ ಅಲ್ಲಿ ಮರಕ್ಕೆ ದಾಟುತ್ತದೆ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಕುಂಬನ್ನು ಕಡಿದು, ಅದೇ ದಪ್ಪದ ಒಣಮರವನ್ನು ಗಟ್ಟಿ ಭಾಗದ ಮಗ್ಗುಲಿಗೆ ಕನಿಷ್ಠ 3 ಅಡಿ ಜೋಡಿಸಿ ಬೋಲ್ಟ್ ಹಾಕಿ. ಬರೀ ಮೊಳೆ ಹೊಡೆದರೆ ಹಳೇ ಮರ ಸೀಳುತ್ತದೆ. ಗೆದ್ದಲಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಊರಿನ ಹಳೇ ಕ್ರಮ. ಆದರೆ ಚರ್ಮ ಸುಡುತ್ತದೆ, ಕೈಗವಸು ಬೇಕೇ ಬೇಕು.

ಹಂಚು ಬಿಚ್ಚುವುದು ನೆತ್ತಿಯಿಂದ ಕೆಳಕ್ಕೆ, ಹೊದಿಸುವುದು ಸೂರಿನಿಂದ ಮೇಲಕ್ಕೆ. ಇಳಿಸಿದ ಹಂಚನ್ನು ಅಂಗಳದಲ್ಲಿ ನಿಲ್ಲಿಸಿ ಇಡಿ. ಮಲಗಿಸಿ ರಾಶಿ ಹಾಕಿದರೆ ಅಡಿಯವು ಒಡೆಯುತ್ತವೆ. ಒಣಗಿದ ಪಾಚಿಯನ್ನು ತೆಂಗಿನನಾರಿನ ಬ್ರಷ್‌ನಲ್ಲಿ ಉಜ್ಜಿ, ಒಂದೊಂದನ್ನೇ ಬೆರಳಗಂಟಿನಿಂದ ತಟ್ಟಿ. ಟಣ್ ಎಂದರೆ ಸರಿ, ಬೊದ್ದಾಗಿ ಸದ್ದು ಬಂದರೆ ಬಿರುಕಿದೆ.

ಹೆಚ್ಚಿನವರು ತಪ್ಪುವುದು ಇದರ ನಂತರ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ತೆರೆದ ಮೇಲೆ ಸುತ್ತಮುತ್ತ ಹಲವು ಕಾರ್ಖಾನೆಗಳು ಎದ್ದವು. ಅಚ್ಚುಗಳೆಲ್ಲ ಒಂದೇ ಅಲ್ಲ, ಒಂದರ ಹಂಚು ಇನ್ನೊಂದರ ಅಂಚಿನ ತೋಡಿಗೆ ಸರಿಯಾಗಿ ಕೂರದು. ಹಂಚಿನ ಮೇಲಿನ ಹೆಸರಿನ ಮುದ್ರೆ ನೋಡಿ ಬೇರ್ಪಡಿಸಿ, ಮಾಡಿನ ಒಂದು ಮಗ್ಗುಲಿಗೆ ಒಂದೇ ಮುದ್ರೆಯವು ಬರುವಂತೆ ಮಾಡಿ. ಸಾಲದಿದ್ದರೆ ಹೊಸತಕ್ಕಿಂತ ಅದೇ ಮುದ್ರೆಯ ಹಳತು ಹುಡುಕುವುದೇ ಮೇಲು. 100 ಚದರ ಅಡಿಗೆ ಸುಮಾರು 140 ಹಂಚು. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ ಒಟ್ಟು 350 ಕಿಲೋ.

ರೀಪಿನ ಅಂತರವನ್ನು ಟೇಪಿನಿಂದಲ್ಲ, ಹಂಚಿನಿಂದಲೇ ಅಳೆಯಬೇಕು. ಎರಡು ಹಂಚನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಹಿಂಬದಿಯ ಕೊಕ್ಕೆಯಿಂದ ಕೊಕ್ಕೆಗೆ ಅಳತೆ ತೆಗೆಯಿರಿ. ಸಾಮಾನ್ಯವಾಗಿ 12ರಿಂದ 13 ಇಂಚಿನೊಳಗೆ ಬರುತ್ತದೆ. ಕಾಲಿಂಚು ಹೆಚ್ಚಾದರೂ ಗಾಳಿಮಳೆಗೆ ನೀರು ಹಿಂದಕ್ಕೆ ನುಗ್ಗುತ್ತದೆ. ನೆತ್ತಿಯ ಹಂಚಿಗೆ ಒಂದು ಪಾಲು ಸುಣ್ಣ, ಮೂರು ಪಾಲು ಹೊಯ್ಗೆ (ಮರಳು) ಸಾಕು. ಬರೀ ಸಿಮೆಂಟು ಮೆತ್ತಿದರೆ ಬಿಸಿಲಿಗೆ ಮರ ಅಲುಗಿದಾಗ ಅದೂ ಬಿರಿಯುತ್ತದೆ, ಹಂಚನ್ನೂ ಒಡೆಯುತ್ತದೆ.

ಹಟ್ಟಿಯದು ಬೇರೆಯೇ ಲೆಕ್ಕ. ಮುಳಿಹುಲ್ಲು ಹೊದಿಸಲೆಂದು ಕಟ್ಟಿದ ಸಪೂರ ಪಕ್ಕಾಸಿನ ಮೇಲೆ ಎಷ್ಟೋ ಕಡೆ ಹಾಗೆಯೇ ಹಂಚು ಕೂತಿರುತ್ತದೆ. ಮಾಡು ನಡುವೆ ಬಗ್ಗಿದ್ದರೆ ಹಂಚು ಬದಲಿಸಿ ಫಲವಿಲ್ಲ, ಪಕ್ಕಾಸಿನ ಕೆಳಗೆ ಒಂದು ಅಡ್ಡತೊಲೆ ಕೊಡಿ. ಗಂಜಲದ ಆವಿಗೆ ಮಾಮೂಲಿ ಮೊಳೆ ಬೇಗ ತುಕ್ಕು ಹಿಡಿಯುವುದರಿಂದ ಸತುವಿನ ಲೇಪದ್ದೇ ಹೊಡೆಯಿರಿ. ನೆತ್ತಿಯಲ್ಲಿ ಗಾಳಿಗೆ ದಾರಿ ಇರಲಿ. ಬೈಹುಲ್ಲಿನ ಕುತ್ತರಿ (ಬಣವೆ) ಗೋಡೆಗೆ ತಾಗಬಾರದು, ಗೆದ್ದಲು ಹತ್ತುವುದೇ ಅಲ್ಲಿಂದ.

ಹಟ್ಟಿಯ ಮಾಡು ಮನೆಯ ಮಾಡಿಗೆ ಸೇರುವ ಮೂಲೆಗೆ ಕನಿಷ್ಠ ಒಂದಡಿ ಅಗಲದ ತಗಡಿನ ದಂಬೆ (ನೀರು ಹರಿಯುವ ದೋಣಿ) ಹಾಕಿ, ನಡುವೆ ನಾಲ್ಕು ಇಂಚು ತೆರೆದಿಡಿ. ತೀರಾ ಕಿರಿದಾದರೆ ಹಲಸಿನೆಲೆ ಕಟ್ಟಿಕೊಂಡು ನೀರು ಒಳಗೇ ಇಳಿಯುತ್ತದೆ.

ಅದೇ ಮುದ್ರೆಯ 40 ಹಂಚಾದರೂ ಹಟ್ಟಿಯ ಮೂಲೆಯಲ್ಲಿ ನಿಲ್ಲಿಸಿಡಿ. ಜುಲೈಯಲ್ಲಿ ಮಂಗ ಹಾರಿದಾಗಲೋ ತೆಂಗಿನಕಾಯಿ ಬಿದ್ದಾಗಲೋ ಅಂಗಡಿ ಹುಡುಕುತ್ತ ಹೋಗುವಂತಾಗಬಾರದು.